ಒಂದು ಕೋಲು, ಒಂದು ದಾರ: ಬಿಸಿಲಿನ ತೀವ್ರತೆ ಅಳೆಯೋದು ಹೀಗೆ

ಧ್ರುವದ ಹತ್ರ ಅಷ್ಟು ಚಳಿ ಯಾಕೆ ಅಂದ್ರೆ ಸೂರ್ಯ ಅಲ್ಲಿಗೆ ದೂರ ಅಂತಾರೆ ತುಂಬಾ ಜನ. ಅದಲ್ಲ. ಸೂರ್ಯ ಇರೋದು ಸುಮಾರು 15 ಕೋಟಿ ಕಿ.ಮೀ. ಆಚೆ, ಭೂಮಿಯ ಅಡ್ಡಗಲ ಬರೀ 12,700 ಕಿ.ಮೀ. ಚಿಲ್ಲರೆ, ಅದು ಲೆಕ್ಕಕ್ಕೇ ಬರಲ್ಲ. ವ್ಯತ್ಯಾಸ ಇರೋದು ಬಿಸಿಲು ಬೀಳೋ ಕೋನದಲ್ಲಿ, ಅದನ್ನ ಮನೇಲೇ ನೋಡ್ಬಹುದು.

ಕತ್ತಲೆ ರೂಮಲ್ಲಿ ಗ್ರಾಫ್ ಶೀಟ್ ಹಾಸಿ ಮೇಲಿಂದ ನೆಟ್ಟಗೆ ಟಾರ್ಚ್ ಬಿಡಿ, ಬೆಳಕು ಬಿದ್ದ ಚೌಕ ಎಣಿಸ್ಕೊಳ್ಳಿ. ಆಮೇಲೆ ಅಷ್ಟೇ ದೂರದಲ್ಲಿ ಹಿಡ್ಕೊಂಡು ಶೀಟಿಗೆ 30 ಡಿಗ್ರಿ ಆಗೋ ಹಾಗೆ ಓರೆ ಮಾಡಿ. ದುಂಡಗಿದ್ದ ಬೆಳಕು ಮೊಟ್ಟೆ ತರ ಉದ್ದ ಆಗುತ್ತೆ, ಚೌಕ ಡಬಲ್ ಅಥವಾ ಇನ್ನೂ ಜಾಸ್ತಿ (ಟಾರ್ಚ್ ಬೆಳಕು ಹರಡುತ್ತಲ್ಲ), ಒಂದೊಂದು ಚೌಕನೂ ಮಂಕು.

ಈಗ ಹೊರಗೆ ಬನ್ನಿ, ಇದು ನಂಗೆ ತುಂಬಾ ಇಷ್ಟದ ಭಾಗ. ಸಮತಟ್ಟಾದ ನೆಲದಲ್ಲಿ 1 ಮೀಟರ್ ಕೋಲನ್ನ ಒಂಚೂರೂ ವಾಲದ ಹಾಗೆ ನಿಲ್ಸಿ. ಮಧ್ಯಾಹ್ನ ನೆರಳು ಅತಿ ಗಿಡ್ಡ ಆದಾಗ ಕೋಲಿನ ತುದಿಯಿಂದ ನೆರಳಿನ ತುದಿಗೆ ದಾರ ಬಿಗಿಯಾಗಿ ಎಳೀರಿ, ಬಿಸಿಲು ಬಂದ ದಾರಿನೇ ಆ ದಾರ. ನೆರಳಿನ ಅಂಚು ಮಸುಕಾಗಿರುತ್ತೆ, ಆ ಮಸುಕಿನ ಮಧ್ಯಕ್ಕೆ ಗುರುತು ಹಾಕಿ. ಕೋಲಿನ ಎತ್ತರವನ್ನ ದಾರದ ಉದ್ದದಿಂದ ಭಾಗಿಸಿ. ದಾರ 2 ಮೀಟರ್ ಬಂದ್ರೆ ಉತ್ತರ 0.5, ಅಂದ್ರೆ ಸೂರ್ಯ ನೆತ್ತಿ ಮೇಲಿದ್ರೆ ಬೀಳ್ತಿದ್ದ ಬಿಸಿಲಲ್ಲಿ ಅರ್ಧ ಮಾತ್ರ ನಿಮ್ಮ ನೆಲಕ್ಕೆ.

ಮಾರ್ಚ್, ಸೆಪ್ಟೆಂಬರಲ್ಲಿ ಹಗಲು ರಾತ್ರಿ ಸಮ ಇರೋ ದಿನ ಅಳೆದ್ರೆ ಸಮಭಾಜಕದಲ್ಲಿ 1, 30 ಡಿಗ್ರಿ ಅಕ್ಷಾಂಶದಲ್ಲಿ 0.87, 45ರಲ್ಲಿ 0.71, 60ರಲ್ಲಿ 0.5. ಬೇರೆ ದಿನ ಬೇರೆ ಬರುತ್ತೆ, ಭೂಮಿ 23.5 ಡಿಗ್ರಿ ವಾಲಿರೋದ್ರಿಂದ. ಸೂರ್ಯಂಗೆ ನಾವು ಅತಿ ಹತ್ರ ಇರೋದೇ ಜನವರಿ ಮೊದಲ ವಾರದಲ್ಲಿ, ಉತ್ತರಾರ್ಧಕ್ಕೆ ಆಗಲೇ ಚಳಿಗಾಲ, ಕೋನದ ಪ್ರಭಾವ ಎಷ್ಟು ಅಂತ ಇದ್ರಲ್ಲೇ ಗೊತ್ತಾಗುತ್ತೆ.

ಈ ಲೆಕ್ಕದಲ್ಲಿ ಗಾಳಿ ಸೇರಿಲ್ಲ. ವಾತಾವರಣದ ಮೇಲ್ಗಡೆ ಕಿರಣಕ್ಕೆ 90 ಡಿಗ್ರಿ ಇರೋ ಚದರ ಮೀಟರಿಗೆ ಸುಮಾರು 1361 ವ್ಯಾಟ್ ಬರುತ್ತೆ, ಸೂರ್ಯ 30 ಡಿಗ್ರಿ ಎತ್ತರದಲ್ಲಿದ್ರೆ (ದಾರ 2 ಮೀಟರ್ ಬರೋದು ಆಗಲೇ) ಬಿಸಿಲು ಡಬಲ್ ಗಾಳಿ ದಾಟ್ಬೇಕು, ಹಾಗಾಗಿ ನಿಜವಾಗಿ ಸಿಗೋದು ಅರ್ಧಕ್ಕಿಂತ ಕಮ್ಮಿ.

ಸೋಲಾರ್ ಪ್ಯಾನೆಲ್ ಇರೋರು ಅದೇ ದಾರ ನೋಡ್ಕೊಂಡು ಪ್ಯಾನೆಲನ್ನ ದಾರಕ್ಕೆ 90 ಡಿಗ್ರಿ ಆಗೋ ತರ ಓರೆ ಮಾಡಿ, ಹಂಚಿಹೋಗ್ತಿದ್ದ ಬಿಸಿಲು ವಾಪಸ್ ಸಿಗುತ್ತೆ, ಗಾಳಿ ತಿಂದಿದ್ದು ಮಾತ್ರ ಸಿಗಲ್ಲ.