ಮೈನಸ್ ಬಂದರೆ ರಬ್ಬರ್ ಹಿಡಿಯುತ್ತಿದ್ದೆ

ಸರ್ಕ್ಯೂಟಿನ ಒಂದೊಂದು ಮುಚ್ಚಿದ ಸುತ್ತಿಗೂ (ಲೂಪ್) ವೋಲ್ಟೇಜಿನ ಲೆಕ್ಕ ಬರೆದು ಕರೆಂಟ್ ಕಂಡುಹಿಡಿಯುವ ಲೂಪ್ ಸಮೀಕರಣ ಕಲಿಯುವಾಗ ನನ್ನ ಹೊತ್ತೆಲ್ಲ ಹೋಗಿದ್ದು ಲೆಕ್ಕಕ್ಕಲ್ಲ, ಊಹೆಗೆ. ಸರ್ಕ್ಯೂಟಿನಲ್ಲಿ ಎರಡು ಬ್ಯಾಟರಿ ಕಂಡರೆ ಸಾಕು, ಕರೆಂಟ್ ನಿಜವಾಗಿ ಯಾವ ಕಡೆ ಹರಿಯುತ್ತದೆ ಅಂತ ತಲೆ ಕೆರೆದುಕೊಂಡು ಕೂರುತ್ತಿದ್ದೆ. ಹೇಗೋ ಒಂದು ದಿಕ್ಕು ಹಾಕಿ ಲೆಕ್ಕ ಮುಗಿಸಿದರೆ ಉತ್ತರ ಮೈನಸ್! ಎಲ್ಲೋ ತಪ್ಪಿದೆ ಅಂದುಕೊಂಡು ಪೂರ್ತಿ ಅಳಿಸಿ ಮತ್ತೆ ಶುರು. ತಪ್ಪೇ ಇರಲಿಲ್ಲ ಅನ್ನುವುದು ಹೊಳೆದದ್ದು ಎಷ್ಟೋ ಹಾಳೆ ಹಾಳಾದ ಮೇಲೆ.

ಈಗ ದಿಕ್ಕಿನ ಚಿಂತೆಯನ್ನೇ ಬಿಟ್ಟಿದ್ದೇನೆ. ವೈರುಗಳು ಒಂದರ ಮೇಲೊಂದು ದಾಟದ ಹಾಗೆ ಚಿತ್ರ ಬರೆದು, ಅದನ್ನು ಕಿಟಕಿಯಂತೆ ನೋಡುತ್ತೇನೆ. ಎಷ್ಟು ಖಾನೆಯೋ ಅಷ್ಟು ಲೂಪ್, ಅಷ್ಟೇ ಸಮೀಕರಣ. ಪ್ರತಿ ಖಾನೆಯಲ್ಲೂ ಗಡಿಯಾರದ ಮುಳ್ಳು ತಿರುಗುವ ಕಡೆಗೇ ಒಂದು ಬಾಣ. ಹೊರಗಿನ ಅಂಚು ಹಿಡಿದು ದೊಡ್ಡದಾಗಿ ಇನ್ನೊಂದು ಸುತ್ತು ಹಾಕಬೇಕಿಲ್ಲ. ಅದರಿಂದ ಹೊಸದೇನೂ ಸಿಗುವುದಿಲ್ಲ, ಮೊದಲಿನವನ್ನು ಕೂಡಿಸಿದರೆ ಅದೇ ಬರುತ್ತದೆ.

ಒಂದು ಲೆಕ್ಕ ನೋಡಿ. ಎಡ ತುದಿಯಲ್ಲಿ 10 ವೋಲ್ಟ್ ಬ್ಯಾಟರಿ, ಬಲ ತುದಿಯಲ್ಲಿ 14 ವೋಲ್ಟ್ ಬ್ಯಾಟರಿ, ಎರಡರ ಪ್ಲಸ್ಸೂ ಮೇಲೆ. ಮೇಲಿನ ತಂತಿಯಲ್ಲಿ ಎಡಕ್ಕೆ 2 ಓಮ್ ರೆಸಿಸ್ಟರ್, ಬಲಕ್ಕೆ 6 ಓಮ್. ನಡುವಿನ ಕಂಬದಲ್ಲಿ 4 ಓಮ್. ಎಡ ಖಾನೆಯ ಕರೆಂಟ್ ‘ಕ’, ಬಲ ಖಾನೆಯದು ‘ಖ’.

ಇನ್ನು ಬಾಣದ ಜೊತೆ ನಡೆಯುವುದು. ಬ್ಯಾಟರಿಯಲ್ಲಿ ಮೈನಸ್‌ನಿಂದ ಪ್ಲಸ್‌ಗೆ ಹೋದರೆ ಹತ್ತಿದ ಹಾಗೆ, ಪ್ಲಸ್‌ನಿಂದ ಮೈನಸ್‌ಗೆ ಹೋದರೆ ಇಳಿದ ಹಾಗೆ. ಬಾಣದ ದಿಕ್ಕಿನಲ್ಲಿ ರೆಸಿಸ್ಟರ್ ದಾಟಿದರೆ ಇಳಿತ, ಅದರ ಓಮ್ ಅನ್ನು ಕರೆಂಟಿನಿಂದ ಗುಣಿಸಿದಷ್ಟು. ಹೊರಟ ಜಾಗಕ್ಕೇ ವಾಪಸ್ ಬಂದಾಗ ಹತ್ತಿದ್ದೂ ಇಳಿದದ್ದೂ ಸಮ ಆಗಲೇಬೇಕಲ್ವಾ? 1845ರಲ್ಲಿ ಜರ್ಮನ್ ಭೌತವಿಜ್ಞಾನಿ ಗುಸ್ತಾವ್ ಕಿರ್ಚಾಫ್ ಹೇಳಿದ ವೋಲ್ಟೇಜ್ ನಿಯಮ ಇಷ್ಟೇ. ಆಗ ಅವರು ಇನ್ನೂ ವಿದ್ಯಾರ್ಥಿ.

ನಾನು ಎಡವುತ್ತಿದ್ದದ್ದು ನಡುವಿನ ಕಂಬದಲ್ಲಿ. ಅಲ್ಲಿ ಎರಡೂ ಬಾಣ ಎದುರುಬದುರು. ಎಡ ಲೂಪಿನಲ್ಲಿ ನಡೆಯುವಾಗ ಅಲ್ಲಿನ ಇಳಿತ 4(ಕ − ಖ), ಬಲ ಲೂಪಿನಲ್ಲಿ 4(ಖ − ಕ). ಯಾರ ಲೂಪೋ ಅವರ ಅಕ್ಷರ ಮೊದಲು. ಇದನ್ನು ಪುಸ್ತಕದ ಅಂಚಿನಲ್ಲಿ ದಪ್ಪಗೆ ಬರೆದುಕೊಂಡಿದ್ದೆ.

ಎಡ ಲೂಪ್: 10 − 2ಕ − 4(ಕ − ಖ) = 0
ಬಲ ಲೂಪ್: −6ಖ − 14 − 4(ಖ − ಕ) = 0

ಜೋಡಿಸಿ ಬರೆದರೆ:

6ಕ − 4ಖ = 10
−4ಕ + 10ಖ = −14

ಬಿಡಿಸುವ ಮುಂಚೆ ಇಲ್ಲೇ ಒಂದು ಕ್ಷಣ ನಿಲ್ಲುತ್ತೇನೆ. ಎಡ ಲೂಪಿನ ರೆಸಿಸ್ಟರುಗಳ ಮೊತ್ತ 2 + 4, ಅಂದರೆ 6. ಬಲದ್ದು 6 + 4, ಅಂದರೆ 10. ಹಂಚಿಕೊಂಡ 4 ಎರಡೂ ಕಡೆ ಮೈನಸ್ಸಿನಲ್ಲೇ ಇದೆ. ಬಾಣಗಳೆಲ್ಲ ಒಂದೇ ಕಡೆ ತಿರುಗಿದ್ದು, ಬರೀ ಬ್ಯಾಟರಿ ರೆಸಿಸ್ಟರುಗಳಿದ್ದರೆ ಹೀಗೇ ಬರಬೇಕು. ಬರಲಿಲ್ಲವೋ, ಆಗ ಮಾತ್ರ ರಬ್ಬರ್.

ಬಿಡಿಸಿದರೆ ಕ = 1 ಆಂಪಿಯರ್, ಖ = −1 ಆಂಪಿಯರ್. ಮೈನಸ್ ಅಂದರೆ ಬಲಗಡೆ ಕರೆಂಟ್ ನನ್ನ ಬಾಣಕ್ಕೆ ಉಲ್ಟಾ ಹರಿಯುತ್ತಿದೆ, ಅಷ್ಟೇ. ಬಾಣವನ್ನು ತಿದ್ದಲು ಹೋಗಬೇಡಿ. ನಡುವಿನ ಕಂಬದಲ್ಲಿ 1 − (−1), ಅಂದರೆ 2 ಆಂಪಿಯರ್, ಹಾಗಾಗಿ 8 ವೋಲ್ಟ್. ಎಡದಿಂದ ನೋಡಿದರೆ 10 − 2, ಬಲದಿಂದ 14 − 6, ಎರಡೂ 8. ಇನ್ನೂ ಅನುಮಾನ ಇದ್ದರೆ ಪವರ್ ನೋಡಿ: ಬ್ಯಾಟರಿಗಳು ಕೊಟ್ಟದ್ದು 10 + 14 = 24 ವ್ಯಾಟ್, ರೆಸಿಸ್ಟರುಗಳು ತಿಂದದ್ದು 2 + 6 + 16, ಅದೂ 24.

ಒಂದೇ ಬ್ಯಾಟರಿ ಇದ್ದು, ರೆಸಿಸ್ಟರುಗಳು ಸರಣಿ, ಸಮಾಂತರ ಅಂತ ಮಡಚಿಕೊಳ್ಳುವಂತಿದ್ದರೆ ಸುಮ್ನೆ ಇಷ್ಟೆಲ್ಲ ಬೇಡ. ಕರೆಂಟ್ ಸೋರ್ಸ್, ಅಂದರೆ ವೋಲ್ಟೇಜ್ ಎಷ್ಟೇ ಇರಲಿ ಗೊತ್ತುಮಾಡಿದಷ್ಟೇ ಕರೆಂಟ್ ಹರಿಸುವ ಸಾಧನ, ಇದ್ದರೆ ಮಾತು ಬೇರೆ. ಅದು ಹೊರ ಅಂಚಿನಲ್ಲಿದ್ದರೆ ಆ ಖಾನೆಯ ಕರೆಂಟ್ ಮೊದಲೇ ಗೊತ್ತು, ಒಂದು ಸಮೀಕರಣ ಕಡಿಮೆಯಾಯಿತು. ನಡುವಿನ ಕಂಬದಲ್ಲಿದ್ದರೆ ಅದರ ವೋಲ್ಟೇಜ್ ಏನಂತ ಬರೆಯುವುದು? ಜಾಸ್ತಿ ದಿನ ಒದ್ದಾಡಿದ್ದು ಇಲ್ಲೇ. ಈಗ ಆ ಕಂಬವನ್ನು ಬಿಟ್ಟು ಎರಡೂ ಖಾನೆಯನ್ನು ಸೇರಿಸಿ ಒಂದೇ ಸುತ್ತು ಹಾಕುತ್ತೇನೆ. ಎರಡನೇ ಸಮೀಕರಣಕ್ಕೆ, ಎರಡು ಲೂಪ್ ಕರೆಂಟುಗಳ ವ್ಯತ್ಯಾಸ ಆ ಸೋರ್ಸಿನ ಬೆಲೆಗೆ ಸಮ ಅಂತ ಬರೆಯುತ್ತೇನೆ. ಸೋರ್ಸಿನ ಬಾಣ ಆ ಕಂಬದಲ್ಲಿ ಯಾವ ಲೂಪಿನ ಬಾಣದ ದಿಕ್ಕಿನಲ್ಲೇ ಇದೆಯೋ ಅದರ ಅಕ್ಷರ ಮೊದಲು.