ಅಮ್ಮನ ಜೊತೆ ಬ್ರಷೋವ್: ಕೋಟೆಯ ಹೊರಗಿನಿಂದ ಒಳಕ್ಕೆ

ರೊಮೇನಿಯಾದ ಬ್ರಷೋವ್‌ಗೆ ಹೋಗುವವರಿಗೆ ನಾನು ಮೊದಲು ಹೇಳುವುದು ಇಷ್ಟೇ. ಊರಿನ ನಡುವಿನ ಚೌಕದಿಂದ ಶುರು ಮಾಡಬೇಡಿ. ಕೋಟೆಯ ಹೊರಗೆ ಶ್ಕೆಯ್ ಅಂತ ಒಂದು ಕೇರಿ ಇದೆ. ಮೊದಲು ಅಲ್ಲಿಗೆ ಹೋಗಿ, ಅಲ್ಲಿಂದ ಕೆಳಗೆ ನಡೆದುಕೊಂಡು ಬನ್ನಿ. ಆ ದಾರಿಯಲ್ಲಿ ಬಂದರೆ ಈ ಊರು ತಾನಾಗಿಯೇ ತನ್ನ ಕಥೆ ಹೇಳುತ್ತದೆ.

ನಾವು ಹೋಗಿದ್ದು ಕಳೆದ ಅಕ್ಟೋಬರ್‌ನಲ್ಲಿ, ನಾನು ಮತ್ತು ಅಮ್ಮ. ನಾನಿರುವುದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಅಮ್ಮ ತುಮಕೂರು ಕಡೆಯ ನಮ್ಮ ಹಳ್ಳಿಯಿಂದ ಎರಡು ತಿಂಗಳ ಮಟ್ಟಿಗೆ ಬಂದಿದ್ದಳು. 2025ರ ಜನವರಿಯಿಂದ ರೊಮೇನಿಯಾ ಪೂರ್ತಿಯಾಗಿ ಷೆಂಗೆನ್‌ಗೆ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿಗೆ, ಸೇರಿದೆ. ಹಾಗಾಗಿ ಅಮ್ಮನ ವೀಸಾದಲ್ಲೇ ಹೋಗಿ ಬರಬಹುದಾಗಿತ್ತು. ಆದರೆ ಈ ಊರು ತಲೆಗೆ ಹೊಕ್ಕಿದ್ದು ವೀಸಾದಿಂದಲ್ಲ, ಆಫೀಸಿನ ಒಬ್ಬ ಗೆಳೆಯನಿಂದ. ಅವನ ಅಜ್ಜಿಯ ಊರು ಬ್ರಷೋವ್ ಹತ್ತಿರದ ಪ್ರೆಜ್ಮೆರ್. ಅಲ್ಲಿ ಶತಮಾನಗಳ ಕಾಲ ಬಾಳಿದ ಜರ್ಮನ್ ಮಾತಾಡುವ ಸ್ಯಾಕ್ಸನ್ ಜನರಲ್ಲಿ ಅವರೂ ಒಬ್ಬರು. "ಎಲ್ಲರೂ ಬ್ರಾನ್ ಕೋಟೆ ನೋಡಿಕೊಂಡು ವಾಪಸ್ ಬರ್ತಾರೆ. ನೀನು ಪ್ರೆಜ್ಮೆರ್‌ಗೆ ಹೋಗು, ಅಲ್ಲಿನ ಬಾಗಿಲುಗಳ ಫೋಟೋ ಕಳಿಸು" ಅಂದಿದ್ದ.

ಬುಖಾರೆಸ್ಟ್‌ನ ಗಾರಾ ದೆ ನೋರ್ಡ್ ನಿಲ್ದಾಣದಿಂದ ಬ್ರಷೋವ್‌ಗೆ ರೈಲಿನಲ್ಲಿ ಮೂರು ಗಂಟೆಯ ಹತ್ತಿರ ಆಗುತ್ತದೆ. ಮೊದಲ ಒಂದು ಗಂಟೆ ಬರೀ ಬಯಲು. ಆಮೇಲೆ ಪ್ರಹೋವಾ ಕಣಿವೆ ಶುರುವಾಗಿ ಕಾರ್ಪೇಥಿಯನ್ ಬೆಟ್ಟಗಳು ಎರಡೂ ಕಡೆಯಿಂದ ಹತ್ತಿರ ಬರುತ್ತವೆ. ಸಿನಾಯಾ, ಬುಷ್ಟೆನಿ ದಾಟಿ, 1,000 ಮೀಟರ್‌ಗಿಂತ ಎತ್ತರದಲ್ಲಿರುವ ಪ್ರೆದೆಯಾಲ್ ದಾಟಿ, ರೈಲು ಬ್ರಷೋವ್‌ಗೆ ಇಳಿಯುತ್ತದೆ. ಬೀಚ್ ಮರಗಳೆಲ್ಲ ತಾಮ್ರದ ಬಣ್ಣಕ್ಕೆ ತಿರುಗಿದ್ದವು. ಸಿನಾಯಾದಲ್ಲಿ ಪೆಲೆಷ್ ಅರಮನೆ ಇದೆ, ಚೆನ್ನಾಗಿದೆ ಅಂತಾರೆ. ಅಮ್ಮನ ಮಂಡಿಗೆ ಒಂದೇ ಪ್ರವಾಸದಲ್ಲಿ ಅಷ್ಟೊಂದು ಮೆಟ್ಟಿಲು ಬೇಡ ಅಂತ ಬಿಟ್ಟುಬಿಟ್ಟೆವು.

ವಸತಿ ವಿಷಯದಲ್ಲಿ ಒಂದು ತಪ್ಪು ಮಾಡಿದೆ. ಹಳೇ ಊರಿನ ಒಳಗೇ ಇರಬೇಕು ಅಂತ ಆಸೆಪಟ್ಟು ಒಂದು ಮನೆ ಹಿಡಿದೆ. ಅದು ಮೂರನೇ ಮಹಡಿ, ಲಿಫ್ಟ್ ಇಲ್ಲ. ಕಲ್ಲು ಹಾಸಿನ ಬೀದಿಯಲ್ಲಿ ಸೂಟ್‌ಕೇಸ್ ಎಳೆಯುವುದೂ ಕಷ್ಟ. ಹಿರಿಯರು ಜೊತೆಗಿದ್ದರೆ ನೆಲಮಹಡಿಯಲ್ಲೇ ಕೋಣೆ ಇದೆಯಾ ಅಂತ ಮೊದಲೇ ಕೇಳಿಕೊಳ್ಳಿ.

ಭಾನುವಾರ ಬೆಳಿಗ್ಗೆ ಬಸ್ ಹಿಡಿದು ಶ್ಕೆಯ್‌ಗೆ ಹೋದೆವು. ಬೆಟ್ಟದ ಬುಡದಲ್ಲಿ ಏರಿಳಿತದ ಬೀದಿಗಳು, ಪುಟ್ಟ ಮನೆಗಳು, ನಡುವೆ ಸಂತ ನಿಕೋಲಸ್ ಚರ್ಚು. ಒಳಗೆ ಪ್ರಾರ್ಥನೆ ನಡೆಯುತ್ತಿತ್ತು. ವಾದ್ಯ ಇಲ್ಲ, ಬರೀ ಕಂಠ. ಅಮ್ಮ ಬಾಗಿಲ ಹತ್ತಿರ ಕೈಮುಗಿದು ನಿಂತು ಪೂರ್ತಿ ಕೇಳಿದಳು. ಚರ್ಚಿನ ಅಂಗಳದಲ್ಲೇ ಮೊದಲ ರೊಮೇನಿಯನ್ ಶಾಲೆ ಇದೆ, ಈಗ ಮ್ಯೂಸಿಯಂ. 16ನೇ ಶತಮಾನದಲ್ಲಿ ಕೊರೆಸಿ ಎಂಬ ಡೀಕನ್ ಈ ಊರಿನಲ್ಲಿ ರೊಮೇನಿಯನ್ ಭಾಷೆಯ ಪುಸ್ತಕಗಳನ್ನು ಅಚ್ಚು ಹಾಕಿದ. ಇವತ್ತು ಉಳಿದಿರುವ ಅತಿ ಹಳೆಯ ರೊಮೇನಿಯನ್ ಬರಹ ಬಂದು ತಲುಪಿದ್ದೂ ಬ್ರಷೋವ್‌ಗೇ. ಬೆಟ್ಟದ ಆಚೆಯ ಕಿಂಪುಲುಂಗ್ ಊರಿನ ನ್ಯಾಕ್ಷು ಎಂಬ ವ್ಯಾಪಾರಿ 1521ರಲ್ಲಿ ಬರೆದ ಕಾಗದ ಅದು. ತುರ್ಕರ ಸೈನ್ಯ ಹೊರಟಿದೆ, ಎಚ್ಚರವಾಗಿರಿ ಅಂತ ಊರಿನ ಮುಖ್ಯಸ್ಥನಿಗೆ ಬರೆದಿದ್ದಾನೆ. ಒಂದು ಭಾಷೆಗೆ ಸಿಕ್ಕಿರುವ ಮೊದಲ ಬರಹವೇ ಒಬ್ಬ ವ್ಯಾಪಾರಿ ಬರೆದ ಕಾಗದ ಅನ್ನುವುದು ನನಗೆ ತುಂಬಾ ಹಿಡಿಸಿತು. ಅದರಲ್ಲಿ ರಾಜನ ಹೊಗಳಿಕೆ ಇಲ್ಲ, ಕೆಲಸದ ಮಾತಿದೆ.

ಇಷ್ಟು ಮುಖ್ಯವಾದ ಶಾಲೆ, ಚರ್ಚು ಕೋಟೆಯ ಹೊರಗೆ ಏಕಿವೆ? ಅದಕ್ಕೆ ಉತ್ತರ ಕೆಳಗಿನ ಬಾಗಿಲಿನಲ್ಲಿದೆ. ಈ ಸೀಮೆಯನ್ನು ಹಂಗೇರಿಯ ರಾಜ 1211ರಲ್ಲಿ ಟ್ಯೂಟನ್ ಎಂಬ ಜರ್ಮನ್ ಕ್ರೈಸ್ತ ಪಂಗಡದ ಯೋಧರಿಗೆ ಕೊಟ್ಟ. ಅವರನ್ನು 1225ರಲ್ಲಿ ಓಡಿಸಿದ ಮೇಲೂ ಇಲ್ಲಿಗೆ ಬಂದ ಜರ್ಮನ್ ಜನ ಉಳಿದುಕೊಂಡು, ಕ್ರೋನ್‌ಸ್ಟಾಟ್ ಅಂತ ಊರು ಕಟ್ಟಿದರು. ಅದೇ ಇವತ್ತಿನ ಬ್ರಷೋವ್. ಗೋಡೆಯ ಒಳಗೆ ಅವರದೇ ನಡೆಯುತ್ತಿತ್ತು. ರೊಮೇನಿಯನ್ನರು ಒಳಗೆ ಆಸ್ತಿ ಮಾಡುವ ಹಾಗಿರಲಿಲ್ಲ. ಸಾಮಾನು ಮಾರಲು ಬರಬೇಕಾದರೆ ಗೊತ್ತು ಮಾಡಿದ ಹೊತ್ತಿನಲ್ಲಿ, ಸುಂಕ ಕೊಟ್ಟು, ಕ್ಯಾಥರೀನ್ ಬಾಗಿಲಿನಿಂದಲೇ ಬರಬೇಕಿತ್ತು. 1559ರಲ್ಲಿ ಕಟ್ಟಿದ ಆ ಬಾಗಿಲು ಇನ್ನೂ ಇದೆ. ಅದರ ಮೇಲೆ ನಾಲ್ಕು ಮೂಲೆಗೆ ನಾಲ್ಕು ಪುಟ್ಟ ಗೋಪುರ. ದೂರದಿಂದ ಮಕ್ಕಳ ಕಥೆಯ ಚಿತ್ರದ ಹಾಗೆ ಕಾಣುತ್ತದೆ. ಆದರೆ ಆ ನಾಲ್ಕು ಗೋಪುರಗಳ ಅರ್ಥ ಬೇರೆ: ಈ ಊರಿಗೆ ಮರಣದಂಡನೆ ಕೊಡುವ ಅಧಿಕಾರ ಇದೆ ಅಂತ.

ಇದನ್ನು ಹೇಳಿದಾಗ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ನಮ್ಮೂರಲ್ಲೂ ಬಾವಿ ಕಟ್ಟೆ ಹತ್ತಕ್ಕೆ ಬಿಡ್ತಿರಲಿಲ್ಲ ಕಣೋ ಕೆಲವರನ್ನ. ನಾನೇ ನೋಡಿದೀನಿ" ಅಂದಳು. ಇಬ್ಬರೂ ಮಾತಿಲ್ಲದೆ ಬಾಗಿಲು ದಾಟಿದೆವು. ಈಸ್ಟರ್ ಕಳೆದ ಮುಂದಿನ ಭಾನುವಾರ ಶ್ಕೆಯ್ ಕೇರಿಯ ಗಂಡಸರು ಕುದುರೆ ಏರಿ, ಹಳೇ ಉಡುಪು ತೊಟ್ಟು, ಕೋಟೆಯ ಒಳಗಿನ ಊರಿಗೆ ಮೆರವಣಿಗೆ ಬರುತ್ತಾರೆ. ಜೂನಿ ಅಂತ ಅದರ ಹೆಸರು. ಇನ್ನೊಂದು ಸಲ ಹೋದರೆ ಆ ದಿನ ನೋಡಿಕೊಂಡೇ ಹೋಗಬೇಕು ಅಂದುಕೊಂಡಿದ್ದೇನೆ.

ಬಾಗಿಲಿನಿಂದ ಸ್ವಲ್ಪ ದೂರದಲ್ಲೇ ಹಗ್ಗದ ಬೀದಿ, ಅವರ ಮಾತಿನಲ್ಲಿ ಸ್ತ್ರಾದಾ ಸ್ಫೋರಿ. ಅಗಲ 111ರಿಂದ 135 ಸೆಂಟಿಮೀಟರ್, ಅಷ್ಟೇ. ಬೆಂಕಿ ಬಿದ್ದಾಗ ಆರಿಸುವವರು ಓಡಾಡಲಿ ಅಂತ ಬಿಟ್ಟ ಓಣಿ ಅದು. ಮಧ್ಯಾಹ್ನ ಜನ ಜಾಸ್ತಿ, ಬೆಳಿಗ್ಗೆಯೇ ಹೋಗಿ.

ಚೌಕದ ಹತ್ತಿರ ಕಪ್ಪು ಚರ್ಚು. ಭಾನುವಾರ ಬೆಳಿಗ್ಗೆ ಪ್ರಾರ್ಥನೆ, ಅದೂ ಇಂದಿಗೂ ಜರ್ಮನ್ ಭಾಷೆಯಲ್ಲಿ. ನೋಡಲು ಬಂದವರನ್ನು ಮಧ್ಯಾಹ್ನದ ಮೇಲೆ ಬಿಡುತ್ತಾರೆ. 14ನೇ ಶತಮಾನದ ಕೊನೆಗೆ ಶುರುವಾಗಿ ಸುಮಾರು ನೂರು ವರ್ಷ ಕಟ್ಟಿದ ಚರ್ಚು ಇದು. 1689ರ ದೊಡ್ಡ ಬೆಂಕಿ ಊರನ್ನೇ ಸುಟ್ಟಿತು. ಚರ್ಚಿನ ಗೋಡೆಗೆ ಮಸಿ ಹಿಡಿದು ಕಪ್ಪು ಅನ್ನುವ ಹೆಸರು ಬಂತು ಅಂತ ಹೇಳುತ್ತಾರೆ. ಹೊರಗೆ ಸೂರಿನ ಅಂಚಿನಲ್ಲಿ ಬಗ್ಗಿ ನೋಡುವ ಒಬ್ಬ ಹುಡುಗನ ಕಲ್ಲಿನ ಪ್ರತಿಮೆ ಇದೆ. ಗೋಡೆ ಸೊಟ್ಟಗಿದೆ ಅಂದಿದ್ದಕ್ಕೆ ಕೆಲಸಗಾರನೊಬ್ಬ ಅವನನ್ನು ಮೇಲಿಂದ ತಳ್ಳಿದನಂತೆ. ಅದು ಕಥೆ. ಆದರೂ ಅಮ್ಮ ಆ ಹುಡುಗನನ್ನು ಮೂರು ಸಲ ತಿರುಗಿ ನೋಡಿದಳು.

ಒಳಗೆ ಎಲ್ಲರೂ 1839ರ ಆರ್ಗನ್ ನೋಡಲು ತಲೆ ಎತ್ತುತ್ತಾರೆ. ನೀವು ಗೋಡೆ ಮತ್ತು ಬೆಂಚುಗಳ ಕಡೆ ನೋಡಿ. ಅಲ್ಲೆಲ್ಲ ತುರ್ಕಿಯ ಅನಟೋಲಿಯಾದ ಹಳೇ ಜಮಖಾನೆಗಳು, ನೂರಕ್ಕೂ ಹೆಚ್ಚು. ಅವುಗಳಲ್ಲಿ ಎಷ್ಟೋ ನಮಾಜಿನ ಹಾಸುಗಳು. ಸ್ಯಾಕ್ಸನ್ ವ್ಯಾಪಾರಿಗಳು, ಕಸುಬಿನ ಸಂಘಗಳು ಕೊಂಡು ತಂದು ಚರ್ಚಿಗೆ ಕಾಣಿಕೆ ಕೊಟ್ಟವು. ತುರ್ಕರಿಗೆ ಹೆದರಿ ಗೋಡೆ ಕಟ್ಟಿದ ಊರು, ಆ ನಾಡಿನ ನೇಯ್ಗೆಯನ್ನೇ ದೇವರ ಮನೆಯಲ್ಲಿ ತೂಗುಹಾಕಿದೆ! ಅಮ್ಮ ಕಂಬಳಿ ನೇಯುವವರ ಕೇರಿಯ ಪಕ್ಕ ಬೆಳೆದವಳು. ಅಂಚಿನ ಗಂಟುಗಳನ್ನು ನೋಡುತ್ತಾ ಒಂದು ಗಂಟೆ ಕಳೆದಳು. ನಾನು ಅವಸರ ಮಾಡಲಿಲ್ಲ.

ಊರ ಗೋಡೆ ಪೂರ್ತಿ ಉಳಿದಿಲ್ಲ. ಆದರೆ ತಿಂಪಾ ಬೆಟ್ಟದ ಬುಡದಲ್ಲಿ ಗೋಡೆಯ ಉದ್ದಕ್ಕೂ ಮರದ ನೆರಳಿನ ಕಾಲುದಾರಿ ಇದೆ, ಹೆಚ್ಚೂಕಡಿಮೆ ಸಮತಟ್ಟು. ಮಂಡಿ ನೋವಿನವರಿಗೆ ಬ್ರಷೋವ್‌ನಲ್ಲಿ ಇದಕ್ಕಿಂತ ಒಳ್ಳೆ ದಾರಿ ಇಲ್ಲ. ಅದರ ಕೊನೆಗೆ ನೇಕಾರರ ಕೊತ್ತಲ. ಇಲ್ಲಿ ಒಂದೊಂದು ಕಸುಬಿನವರೂ ಒಂದೊಂದು ಕೊತ್ತಲ ಕಟ್ಟಿ ತಾವೇ ಕಾಯಬೇಕಿತ್ತು. ನೇಕಾರರು ತಮ್ಮದನ್ನು 1421ರಲ್ಲಿ ಶುರುಮಾಡಿದರು. ಒಳಗೆ ಸುತ್ತಲೂ ಮರದ ಮೊಗಸಾಲೆಗಳಿವೆ, ಗೋಡೆಯಲ್ಲಿ ಬಾಣ ಬಿಡುವ ಕಿಂಡಿಗಳಿವೆ. ಮಗ್ಗ ಬಿಟ್ಟು ಎದ್ದು ಬಂದು ಇಲ್ಲಿ ಕಾವಲು ನಿಂತವರ ಬಗ್ಗೆ ತುಂಬಾ ಹೊತ್ತು ಮಾತಾಡಿದೆವು.

ಊಟದ ಮಾತು ಹೇಳಲೇಬೇಕು. ನಾವು ಮಾಂಸ ತಿನ್ನುವುದಿಲ್ಲ. ಹೋಗುವ ಮುಂಚೆ ಇದೇ ದೊಡ್ಡ ಚಿಂತೆಯಾಗಿತ್ತು. ಒಂದೇ ಪದ ನಮ್ಮನ್ನು ಕಾಪಾಡಿತು: 'ದೆ ಪೋಸ್ತ್'. ಅಂದರೆ ಉಪವಾಸದ ಊಟ. ಅಲ್ಲಿನ ಆರ್ಥಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ಮತ್ತು ಹಬ್ಬದ ಮುಂಚಿನ ವಾರಗಳಲ್ಲಿ ಮಾಂಸ, ಮೊಟ್ಟೆ, ಹಾಲು ಬಿಡುತ್ತಾರೆ. ಅದಕ್ಕೇ ಹೋಟೆಲು, ಬೇಕರಿಗಳಲ್ಲಿ ಈ ಹೆಸರಿನ ತಿನಿಸು ಸಿಗುತ್ತದೆ. ಬದನೆಕಾಯಿ, ಕೆಂಪು ದಪ್ಪ ಮೆಣಸಿನಕಾಯಿ ಸುಟ್ಟು ಮಾಡುವ ಜಕುಸ್ಕಾ ನಮ್ಮ ಬಾಯಿಗೆ ತಕ್ಷಣ ಹಿಡಿಯಿತು. ಬೀನ್ಸ್ ಸೂಪು ಮಾತ್ರ ಕೇಳಿಯೇ ತೆಗೆದುಕೊಳ್ಳಿ, ಅದರಲ್ಲಿ ಹೊಗೆಯಾಡಿಸಿದ ಮಾಂಸ ಹಾಕುವುದುಂಟು. ಇನ್ನು ಮಮಲಿಗಾ. ಜೋಳದ, ಅಂದರೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆ ಅದು. ತಟ್ಟೆ ಬಂದಾಗ ಅಮ್ಮ ಬೆರಳಲ್ಲಿ ಒತ್ತಿ ನೋಡಿ, "ಹದವಾಗಿ ಬೆಂದಿದೆ" ಅಂದಳು. ಚೀಸು, ಹುಳಿ ಕೆನೆ ಜೊತೆ ಕೊಡುತ್ತಾರೆ. ಮೂರು ದಿನ ರಾತ್ರಿ ಅದನ್ನೇ ಉಂಡೆವು.

ಸೋಮವಾರ ಬ್ರಾನ್. ರೊಮೇನಿಯಾದ ಬಹಳಷ್ಟು ಮ್ಯೂಸಿಯಂಗಳಿಗೆ ಸೋಮವಾರ ರಜೆ. ಬ್ರಾನ್ ತೆರೆದಿರುತ್ತದೆ, ಆದರೆ ಸೋಮವಾರ ಮಾತ್ರ ಬಾಗಿಲು ತೆಗೆಯುವುದು ಮಧ್ಯಾಹ್ನ 12ಕ್ಕೆ. ನಾನು ಅದನ್ನು ನೋಡಿಕೊಂಡಿರಲಿಲ್ಲ. ಹತ್ತಕ್ಕೇ ಹೋಗಿ ಚಳಿಯಲ್ಲಿ ಎರಡು ಗಂಟೆ ಕಾದೆವು. ಬಸ್ಸು ಬ್ರಷೋವ್‌ನ ಎರಡನೇ ಬಸ್ ನಿಲ್ದಾಣದಿಂದ ಸಿಗುತ್ತದೆ, ದೂರ ಸುಮಾರು 30 ಕಿಲೋಮೀಟರ್. ದಾರಿಯಲ್ಲಿ ರಿಷ್ನೋವ್ ಕೋಟೆ ಗುಡ್ಡದ ಮೇಲೆ ಕಾಣುತ್ತದೆ. ಬ್ರಾನ್‌ಗೂ ಡ್ರಾಕುಲಾ ಕಥೆಗೂ ಅಂಗಡಿಗಳಲ್ಲಿ ಮಾರುವ ಮುಖವಾಡಗಳನ್ನು ಬಿಟ್ಟರೆ ಗಟ್ಟಿ ಸಂಬಂಧ ಇಲ್ಲ. ಆ ಕಥೆ ಬರೆದವನು ಈ ಕಡೆಗೆ ಬಂದೇ ಇರಲಿಲ್ಲ. ನಿಜ ಇನ್ನೂ ಚೆನ್ನಾಗಿದೆ. 1377ರಲ್ಲಿ ಹಂಗೇರಿಯ ರಾಜ ಅನುಮತಿ ಕೊಟ್ಟ ಮೇಲೆ ಬ್ರಷೋವ್‌ನ ಜನರೇ ತಮ್ಮ ದುಡ್ಡಿನಲ್ಲಿ ಇದನ್ನು ಕಟ್ಟಿದರು. ಬೆಟ್ಟದ ಆಚೆಯ ವಲೇಕಿಯಾ ನಾಡಿಗೆ ಹೋಗುವ ಕಣಿವೆ ದಾರಿ ಕಾಯಲು, ಸರಕಿಗೆ ಸುಂಕ ಹಾಕಲು. ನಮ್ಮ ಮಾತಿನಲ್ಲಿ ಹೇಳಬೇಕೆಂದರೆ ಇದೊಂದು ದೊಡ್ಡ ಸುಂಕದಕಟ್ಟೆ. ಒಳಗಿನ ಮೆಟ್ಟಿಲುಗಳು ಕಡಿದು, ಇಕ್ಕಟ್ಟು. ಅಮ್ಮ ಅರ್ಧ ಹತ್ತಿ ಅಂಗಳಕ್ಕೆ ಇಳಿದಳು. ಬಿಡುವಿದ್ದರೆ ನೋಡಿ, ಇಲ್ಲದಿದ್ದರೆ ಕೊರಗಬೇಡಿ.

ಮಂಗಳವಾರ ತಿಂಪಾಗೆ ಹೋದೆವು. ಬೆಟ್ಟ ಸುಮಾರು 960 ಮೀಟರ್. ಊರಿನಿಂದಲೇ ಕೇಬಲ್ ಕಾರ್ ಇದೆ. ಹತ್ತುವ ಕಾಲುದಾರಿಯೂ ಇದೆ, ಆದರೆ ಒಬ್ಬರೇ ಹೋಗಬೇಡಿ, ಕತ್ತಲಾಗುವ ಮುಂಚೆ ಇಳಿಯಿರಿ. ಕರಡಿಗಳು ಊರಿನ ಅಂಚಿನವರೆಗೂ ಬರುತ್ತವೆ. ಹಾಗೆ ಬಂದಾಗ ಸರ್ಕಾರದಿಂದ ಎಲ್ಲರ ಫೋನಿಗೂ ಜೋರಾಗಿ ಕೂಗುವ ಎಚ್ಚರಿಕೆ ಬರುತ್ತದೆ. ಹಿಂದೆ ಈ ಬೆಟ್ಟದ ತುದಿಯಲ್ಲೂ ಒಂದು ಕೋಟೆ ಇತ್ತು. 15ನೇ ಶತಮಾನದಲ್ಲಿ ಅದನ್ನು ಕೆಡವಿ, ಕಲ್ಲುಗಳನ್ನು ಕೆಳಗಿನ ಊರಿನ ಗೋಡೆಗೆ ಹಾಕಿದರು. 1950ರಿಂದ 1960ರವರೆಗೆ ಊರಿಗೆ ಸ್ಟಾಲಿನ್ ಹೆಸರಿಟ್ಟಿದ್ದರು. ಬೆಟ್ಟದ ಈ ಮೈಮೇಲೆ ಮರಗಳಲ್ಲೇ ಆ ಹೆಸರು ಮೂಡುವ ಹಾಗೆ ಮಾಡಿದ್ದರಂತೆ. ಈಗ ಅಲ್ಲಿ ದೊಡ್ಡ ಬಿಳಿ ಅಕ್ಷರದಲ್ಲಿ ಬ್ರಷೋವ್ ಅಂತಿದೆ. ಮೇಲಿಂದ ನೋಡಿದರೆ ಕೆಂಪು ಹೆಂಚುಗಳ ನಡುವೆ ಕಪ್ಪು ಚರ್ಚು ಹಡಗಿನ ಹಾಗೆ ನಿಂತಿದೆ. ಭಾನುವಾರ ನಡೆದ ದಾರಿಯನ್ನೆಲ್ಲ ಅಮ್ಮ ಬೆರಳು ಮಾಡಿ ತೋರಿಸಿದಳು: ಹೊರಗಿನ ಕೇರಿ, ಬಾಗಿಲು, ಚೌಕ. ಮೊದಲ ದಿನವೇ ಇಲ್ಲಿಗೆ ಬಂದಿದ್ದರೆ ಇದು ಬರೀ ಫೋಟೋ ಆಗುತ್ತಿತ್ತು.

ಕೊನೆಯ ದಿನ ಪ್ರೆಜ್ಮೆರ್. ಬಸ್ಸಿನಲ್ಲಿ ಅರ್ಧ ಗಂಟೆಗಿಂತ ಸ್ವಲ್ಪ ಜಾಸ್ತಿ. ಹೊರಗಿನಿಂದ ದುಂಡನೆಯ ಬೋಳು ಗೋಡೆ, ಸುಮಾರು 12 ಮೀಟರ್ ಎತ್ತರ. ಬಿರುಗಾಳಿಗೂ ಅಲುಗದ ದಪ್ಪ. ಉದ್ದನೆಯ ಕತ್ತಲ ದ್ವಾರ ದಾಟಿ ಅಂಗಳಕ್ಕೆ ಕಾಲಿಟ್ಟ ಕೂಡಲೇ ಅಮ್ಮ ನಿಂತುಬಿಟ್ಟಳು. ನಡುವೆ ಬಿಳಿ ಚರ್ಚು. ಸುತ್ತಲೂ ಗೋಡೆಗೆ ಅಂಟಿಕೊಂಡು ನಾಲ್ಕು ಅಂತಸ್ತಿನ ಕೋಣೆಗಳು, ಜೇನುಗೂಡಿನ ಹಾಗೆ. ಒಟ್ಟು 270ರಷ್ಟಿವೆ. ಮರದ ಏಣಿ, ಮರದ ಓಣಿ, ಪುಟ್ಟ ಬಾಗಿಲು, ಬಾಗಿಲ ಮೇಲೆ ನಂಬರು. ಊರಿನ ಒಂದೊಂದು ಮನೆಗೂ ಒಂದೊಂದು ಕೋಣೆ. ಶತ್ರು ಬಂದರೆ ಮಕ್ಕಳು ಮರಿ ಕಟ್ಟಿಕೊಂಡು ಬಂದು ಇಲ್ಲಿ ಸೇರುತ್ತಿದ್ದರು. ಉಳಿದ ಕಾಲದಲ್ಲಿ ಕಾಳು ತುಂಬಿಡುತ್ತಿದ್ದರು. ಮಕ್ಕಳ ಪಾಠ ನಿಲ್ಲಬಾರದು ಅಂತ ಒಂದು ಕೋಣೆಯನ್ನು ಶಾಲೆ ಮಾಡಿದ್ದರು. ಅದರ ಬೆಂಚುಗಳು ಈಗಲೂ ಇವೆ. 1999ರಿಂದ ಇದು ಯುನೆಸ್ಕೋ ಪಟ್ಟಿಯಲ್ಲಿದೆ, ಆದರೂ ಆ ಬೆಳಿಗ್ಗೆ ಅಂಗಳದಲ್ಲಿ ನಾವು ಹತ್ತು ಜನರೂ ಇರಲಿಲ್ಲ.

ಅಮ್ಮ ಮಂಡಿ ನೋವು ಮರೆತು ಮೊದಲ ಏಣಿ ಹತ್ತಿದಳು. ಒಂದು ಕೋಣೆಗೆ ತಲೆ ತಗ್ಗಿಸಿ ಹೋಗಿ, ಗೋಡೆ ಮುಟ್ಟಿ, ಮೂಸಿ ನೋಡಿದಳು. "ಹಗೇವು ಕಣೋ ಇದು. ನಾವು ನೆಲದೊಳಗೆ ತೋಡ್ತಿದ್ವಿ, ಇವರು ಗೋಡೆಯೊಳಗೆ ಮಾಡ್ಕೊಂಡಿದಾರೆ" ಅಂದಳು. ತನ್ನ ತವರಿನ ಹಗೇವಿನಲ್ಲಿ ರಾಗಿ ಎಷ್ಟು ವರ್ಷ ಕೆಡದೆ ಇರುತ್ತಿತ್ತು, ಬಾಯಿ ತೆಗೆದ ಕೂಡಲೇ ಒಳಗೆ ಇಳಿಯಬಾರದು ಏಕೆ, ಎಲ್ಲ ಹೇಳಿದಳು. ನಾನು ಇದನ್ನು ಅವಳ ಬಾಯಿಂದ ಮೊದಲ ಸಲ ಕೇಳಿದ್ದು, ಅದೂ ಇಷ್ಟು ದೂರ ಬಂದು.

ಬಾಗಿಲುಗಳ ಫೋಟೋ ತೆಗೆದು ಗೆಳೆಯನಿಗೆ ಕಳಿಸಿದೆ. ಅವನ ಅಜ್ಜಿಯ ಮನೆಯವರ ನಂಬರು ಯಾವುದೋ ಅವನಿಗೆ ಗೊತ್ತಿರಲಿಲ್ಲ. ಅದಕ್ಕೆ ಕಾಲು ಹೋದಲ್ಲೆಲ್ಲ ಒಂದೊಂದೇ ಬಾಗಿಲು ಹಿಡಿದೆ. 1989ರ ನಂತರ ಇಲ್ಲಿನ ಸ್ಯಾಕ್ಸನ್ ಜನರಲ್ಲಿ ಬಹುಪಾಲು ಜರ್ಮನಿಗೆ ಹೋದರು, ಅಜ್ಜಿಯೂ ಹೋದರು. ಸ್ವಲ್ಪ ಹೊತ್ತಿಗೆ ಅವನ ಉತ್ತರ ಬಂತು. ಅಜ್ಜಿ ಫೋಟೋಗಳನ್ನು ದೊಡ್ಡದು ಮಾಡಿಸಿಕೊಂಡು ನೋಡುತ್ತಿದ್ದಾರೆ ಅಂತ.

ವಾಪಸ್ ಬರುವ ಬಸ್ಸಿನಲ್ಲಿ ಅಮ್ಮ ಕೇಳಿದಳು: "ಹುಳ ಬೀಳದಂಗೆ ಕಾಳಿಗೆ ಏನು ಬೆರೆಸ್ತಿದ್ರಂತೆ? ನಾವು ಬೂದಿ, ಬೇವಿನಸೊಪ್ಪು ಹಾಕ್ತಿದ್ವಿ. ಆ ಅಜ್ಜಿನ ಕೇಳೋಕೆ ಹೇಳು." ಫೋನ್ ತೆಗೆದು ಅದನ್ನು ಜರ್ಮನ್‌ನಲ್ಲಿ ಬರೆದು ಕಳಿಸಿದೆ. ಬೂದಿ, ಬೇವಿನಸೊಪ್ಪಿನ ಮಾತನ್ನೂ ಸೇರಿಸಿದೆ.