ಗಡಿಯಾರ ಬೇಡ, ಚೌತಿಗೆ ಬನ್ನಿ

ಅಂಕೋಲಾ ಕಡೆಯ ಒಂದು ಸರಕಾರಿ ಹೈಸ್ಕೂಲಿನಲ್ಲಿ ನಾನು ಗಣಿತ ಕಲಿಸುತ್ತೇನೆ. ಫೆಬ್ರವರಿ ಬಂತೆಂದರೆ ಹತ್ತನೆಯವರ ಬೀಳ್ಕೊಡುಗೆ. ಮಕ್ಕಳು ದುಡ್ಡು ಒಟ್ಟುಮಾಡಿ ಶಾಲೆಗೆ ಏನಾದರೂ ಕೊಡುವುದು ರೂಢಿ. ಒಂದು ಬ್ಯಾಚು ಗೋಡೆ ಗಡಿಯಾರ ಕೊಟ್ಟರೆ ಮುಂದಿನ ಬ್ಯಾಚೂ ಗೋಡೆ ಗಡಿಯಾರವೇ. ಉಪ್ಪುಗಾಳಿಗೆ ಸೆಲ್ ಹಾಕುವ ಜಾಗ ತುಕ್ಕು ಹಿಡಿಯುತ್ತದೆ. ಆಮೇಲೆ ಒಂದೊಂದು ಗಡಿಯಾರ ಒಂದೊಂದು ಟೈಮು ತೋರಿಸುತ್ತದೆ. ಅದು ಹೋಗಲಿ, ನನಗೆ ಜಾಸ್ತಿ ಬೇಜಾರಾಗುತ್ತಿದ್ದದ್ದು ಆ ವಂತಿಗೆ. ಇನ್ನೂರು ರೂಪಾಯಿ ತರಲಾಗದ ಮಕ್ಕಳು ಬೀಳ್ಕೊಡುಗೆಯ ದಿನ ಶಾಲೆಗೇ ಬರುತ್ತಿರಲಿಲ್ಲ. ಮೂರು ವರ್ಷ ಓದಿದ ಶಾಲೆಯಿಂದ ಹಾಗೆ ಹೋಗಬೇಕಾ?

ಮುಖ್ಯ ಶಿಕ್ಷಕರ ಹತ್ತಿರ ಮಾತಾಡಿ ವಂತಿಗೆ ನಿಲ್ಲಿಸಿದೆವು. ಕೊಡುವ ಅಭ್ಯಾಸವನ್ನು ಮಾತ್ರ ಬಿಡಿಸಲಿಲ್ಲ. ಅದನ್ನು ಫೆಬ್ರವರಿಯಿಂದ ಜೂನಿಗೆ ತಂದೆವು.

ಜೂನಿನಲ್ಲಿ, ಹತ್ತನೆಯ ಮೊದಲ ವಾರ, ದಿನಕರ ದೇಸಾಯಿಯವರ ಕತೆ ಹೇಳುತ್ತೇನೆ. ಮಕ್ಕಳಿಗೆ ಅವರು ಚುಟುಕ ಬರೆದ ಕವಿ ಅಂತ ಗೊತ್ತು. 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ ಈ ಜಿಲ್ಲೆಯ ಹಳ್ಳಿಗಳಿಗೆ ಹೈಸ್ಕೂಲು ತಂದವರು ಅಂತ ಗೊತ್ತಿರುವುದಿಲ್ಲ. ಶಿರಾಲಿಯಲ್ಲಿ, ದಾಂಡೇಲಿಯಲ್ಲಿ ಜನತಾ ವಿದ್ಯಾಲಯ ಎಂಬ ಬೋರ್ಡು ನೋಡಿದವರು ಇರುತ್ತಾರೆ. ಅದು ಇದೇ ಟ್ರಸ್ಟಿನದು ಅಂದರೆ ಹೌದಾ ಸರ್ ಅನ್ನುತ್ತಾರೆ. ಅಷ್ಟು ಸಾಕು. ಭಾಷಣ ಉದ್ದ ಮಾಡಿದರೆ ಯಾರೂ ಕೇಳುವುದಿಲ್ಲ.

ಆಮೇಲೆ ಕೆಲಸ. ಎಂಟನೆಗೆ ಬರುವ ಮಕ್ಕಳು ಸುತ್ತಲಿನ ಬೇರೆ ಬೇರೆ ಪ್ರಾಥಮಿಕ ಶಾಲೆಗಳಿಂದ ಬಂದಿರುತ್ತಾರೆ. ಹೊಸ ಜಾಗ, ಹೊಸ ಮಾಸ್ತರರು, ಗಣಿತದ ಹೆದರಿಕೆ ಬೇರೆ. ಹತ್ತನೆಯ ಒಬ್ಬೊಬ್ಬರಿಗೂ ಎಂಟನೆಯ ಒಬ್ಬೊಬ್ಬರನ್ನು ಜೋಡಿ ಮಾಡುತ್ತೇವೆ. ಬಿಸಿಯೂಟ ಆದ ಮೇಲೆ ಅರ್ಧ ಗಂಟೆ, ವಾರಕ್ಕೆ ಎರಡು ಸಲ. ಮಗ್ಗಿ, ಭಿನ್ನರಾಶಿ, ಇಂಗ್ಲಿಷ್ ಓದು, ಯಾವುದು ಬರುತ್ತದೋ ಅದು. ಎಲ್ಲರೂ ಪಾಠ ಹೇಳಲೇಬೇಕು ಅಂತಿಲ್ಲ. ಮೀನುಗಾರರ ಮನೆಯ ಒಬ್ಬ ಹುಡುಗನಿಗೆ ಪಾಠ ಹೇಳು ಅಂದರೆ ಬೆವರುತ್ತಿದ್ದ. ಹರಿದು ಜೋತಾಡುತ್ತಿದ್ದ ವಾಲಿಬಾಲ್ ನೆಟ್ ಕೊಟ್ಟೆ. ಬಲೆ ಹೆಣೆಯುವುದು ಅವನಿಗೆ ಮನೆಯ ಕೆಲಸ. ಸರಿಮಾಡಿದ್ದಲ್ಲದೆ, ಎಂಟನೆಯ ಇಬ್ಬರಿಗೆ ಗಂಟು ಹಾಕುವುದನ್ನೂ ಕಲಿಸಿದ. ನೆಟ್ ಈಗ ಅವರಿಬ್ಬರ ಜವಾಬ್ದಾರಿ.

ಶಾಲೆ ಬಿಟ್ಟ ಮೇಲೆ ಏನು? ಕಷ್ಟ ಇರುವುದು ಇಲ್ಲೇ. ಮಕ್ಕಳು ಚದುರುತ್ತಾರೆ. ಕೆಲವರು ಕುಮಟಾಕ್ಕೆ, ಕೆಲವರು ಕಾರವಾರದ ಐಟಿಐಗೆ, ಕೆಲವರು ಸೀದಾ ಗೋವಾಕ್ಕೆ ಕೆಲಸಕ್ಕೆ. ಫೋನ್ ನಂಬರು ಬದಲಾಗುತ್ತದೆ. ಬೀಳ್ಕೊಡುಗೆಯ ದಿನ ಅಳುತ್ತಾ ಕೊಡುವ ಮಾತನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಟಿಸಿ ಒಯ್ಯಲು ಹೆಚ್ಚಿನವರು ಬಂದೇ ಬರುತ್ತಾರೆ. ಆ ದಿನ ಒಂದು ರಿಜಿಸ್ಟರ್ ಮುಂದಿಡುತ್ತೇನೆ. ಮನೆಯವರ ಎರಡು ನಂಬರು, ಮುಂದೆ ಎಲ್ಲಿಗೆ, ಮತ್ತೆ ಒಂದು ಸಾಲು: ವರ್ಷದೊಳಗೆ ಒಂದು ದಿನ ಶಾಲೆಗೆ ಬಂದರೆ ಏನು ಮಾಡಿಕೊಡಬಲ್ಲೆ. ಹಂಚು ಕಟ್ಟುತ್ತೇನೆ ಅಂತ ಬರೆದವನಿದ್ದಾನೆ. ಮೇ ತಿಂಗಳಲ್ಲಿ, ಮಳೆಗಿಂತ ಮೊದಲು, ಅಪ್ಪನನ್ನೂ ಕರೆದುಕೊಂಡು ಬಂದು ಒಡೆದ ಹಂಚು ಬದಲಿಸಿ ಹೋದ. ಪ್ರತಿ ಬ್ಯಾಚಿನಿಂದ ಊರಲ್ಲೇ ಉಳಿಯುವ ಇಬ್ಬರನ್ನು ಗುರುತು ಮಾಡಿಟ್ಟುಕೊಳ್ಳುತ್ತೇವೆ. ವಾಟ್ಸಾಪ್ ಗುಂಪು ನಡೆಸುವುದು ಅವರೇ. ನಾನು ಗುಂಪಿನಲ್ಲಿ ಇಲ್ಲ. ಮಾಸ್ತರರಿದ್ದರೆ ಯಾರೂ ಮಾತಾಡುವುದಿಲ್ಲ, ಅಲ್ವಾ?

ಫೇಲಾದವರ ವಿಷಯ ಸ್ವಲ್ಪ ಹೇಳಬೇಕು. ಹಳೆಯ ವಿದ್ಯಾರ್ಥಿಗಳ ಸಭೆ ಅಂದರೆ ಸಾಮಾನ್ಯವಾಗಿ ದೊಡ್ಡ ಕೆಲಸದಲ್ಲಿ ಇರುವವರಿಗೆ ಶಾಲು, ಹಾರ. ಫೇಲಾದವರು ಶಾಲೆಯ ರಸ್ತೆಯಲ್ಲೇ ಓಡಾಡುವುದಿಲ್ಲ. 2024ರಲ್ಲಿ ಎಸ್‌ಎಸ್‌ಎಲ್‌ಸಿಗೆ ವರ್ಷಕ್ಕೆ ಮೂರು ಪರೀಕ್ಷೆ ಬಂತು. ಒಂದರಲ್ಲಿ ಹೋದರೆ ಅದೇ ವರ್ಷ ಮತ್ತೆ ಬರೆಯುವ ಅವಕಾಶ ಇದೆ. ರಿಸಲ್ಟ್ ಬಂದ ಕೂಡಲೇ ಫೇಲಾದವರ ಮನೆಗೆ ಹೋಗುತ್ತೇವೆ. ಪಾಸಾದ ಅವರದೇ ಗೆಳೆಯರನ್ನು ಜೊತೆಗೆ ಕರೆದುಕೊಂಡು. ಹೇಗೂ ರಜೆ, ಅವರೇ ಕೂತು ಗಣಿತ, ವಿಜ್ಞಾನ ಹೇಳಿಕೊಡುತ್ತಾರೆ. ನಾನು ಕಂಡಂತೆ, ಹೀಗೆ ಪಾಸಾದವರೇ ಆಮೇಲೆ ಕರೆಯದಿದ್ದರೂ ಬರುತ್ತಾರೆ.

ಎಲ್ಲರನ್ನೂ ಒಟ್ಟಿಗೆ ಸೇರಿಸುವುದಾದರೆ ನಮ್ಮ ಕಡೆ ಚೌತಿಯೇ ಸರಿ. ಗೋವಾದಲ್ಲಿ, ಬೆಂಗಳೂರಿನಲ್ಲಿ ಇರುವವರೂ ಆಗ ಮನೆಗೆ ಬರುತ್ತಾರೆ. ಚೌತಿ ಕಳೆದ ಮೇಲಿನ ಶನಿವಾರ, ಬೆಳಗಿನ ಶಾಲೆ ಬಿಟ್ಟ ನಂತರ ಸೇರುತ್ತೇವೆ. ವೇದಿಕೆ ಇಲ್ಲ, ಮೈಕ್ ಇಲ್ಲ. ಹತ್ತನೆಯವರ ಜೊತೆ ಬೆಂಚಿನಲ್ಲಿ ಕೂತು ಮಾತು. ಪಿಯುನಲ್ಲಿ ಸೈನ್ಸ್ ತಗೊಂಡರೆ ಕನ್ನಡ ಮೀಡಿಯಮ್ಮಿನವರಿಗೆ ಮೊದಲ ಮೂರು ತಿಂಗಳು ಹೇಗಿರುತ್ತದೆ, ಬಸ್ಸು ಎಷ್ಟು ಗಂಟೆಗೆ, ಹಾಸ್ಟೆಲ್ಲಿಗೆ ಯಾವ ಕಾಗದ ಬೇಕು, ಐಟಿಐನಲ್ಲಿ ಫಿಟ್ಟರ್ ಒಳ್ಳೆಯದೋ ಎಲೆಕ್ಟ್ರಿಷಿಯನ್ ಒಳ್ಳೆಯದೋ. ಇದನ್ನೆಲ್ಲ ನಾನು ಹೇಳಿದರೆ ಉಪದೇಶ ಆಗುತ್ತದೆ. ಎರಡು ವರ್ಷ ದೊಡ್ಡವಳಾದ ಪಕ್ಕದ ಕೇರಿಯ ಹುಡುಗಿ ಹೇಳಿದರೆ ಕಿವಿ ನೆಟ್ಟಗಾಗುತ್ತದೆ. ಗಂಡುಮಕ್ಕಳು ಗೋವಾದ ಸಂಬಳ ಕೇಳುತ್ತಾರೆ. ಅಲ್ಲಿಂದ ಬಂದವರೇ ಬಾಡಿಗೆ, ಊಟ ಕಳೆದು ಎಷ್ಟು ಉಳಿಯುತ್ತದೆ ಅಂತ ಲೆಕ್ಕ ಹೇಳುತ್ತಾರೆ.

ಸೈಕಲ್ ಯೋಚನೆ ಬಂದದ್ದೂ ಅಲ್ಲೇ. ಸರಕಾರ 2006-07ರಿಂದ ಎಂಟನೆಯವರಿಗೆ ಸೈಕಲ್ ಕೊಡುತ್ತಿತ್ತು, ಕೊರೊನಾ ಕಾಲದಲ್ಲಿ ಅದು ನಿಂತಿತು. ಹಿಂದಿನವರ ಸೈಕಲ್ಲುಗಳು ಕೊಟ್ಟಿಗೆಯಲ್ಲಿ ಸುಮ್ನೆ ಬಿದ್ದಿದ್ದವು. ಕೆಲವನ್ನು ತರಿಸಿದೆವು. ಚೈನು, ಟಯರು ಹಾಕಿಸಿ ದೂರದಿಂದ ನಡೆದು ಬರುವವರಿಗೆ ಕೊಟ್ಟೆವು. ಪೂರ್ತಿ ತುಕ್ಕು ತಿಂದದ್ದನ್ನು ಗುಜರಿಗೆ ಹಾಕಿದೆವು.

ದುಡ್ಡು ಕೊಡುತ್ತೇವೆ ಅನ್ನುವವರೂ ಸಿಗುತ್ತಾರೆ. ಬೇಡ ಅನ್ನುವುದಿಲ್ಲ. ಆದರೆ ನಾನಾಗಿ ಕೈಯಲ್ಲಿ ತಗೊಳ್ಳುವುದಿಲ್ಲ. ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಖಾತೆಗೆ ಹಾಕಬೇಕು, ರಸೀದಿ ಕೊಡುತ್ತೇವೆ, ಖರ್ಚಿನ ಲೆಕ್ಕ ನೋಟಿಸ್ ಬೋರ್ಡಿಗೆ ಹಚ್ಚುತ್ತೇವೆ. ಒಬ್ಬರು ಫ್ಯಾನ್ ಕೊಟ್ಟು, ರೆಕ್ಕೆಯ ಮೇಲೆ ಹೆಸರು ಬರೆಸಿ ಅಂದರು. ತಿರುಗುವಾಗ ಯಾರು ಓದುತ್ತಾರೆ ಅಂದೆ. ನಕ್ಕು ಸುಮ್ಮನಾದರು. ಹೆಸರು ರಸೀದಿಯಲ್ಲಿದೆ.